ಗೇಟಿನವರೆಗೆ ತಂತಿ ಎಳೆಯುವ ಮೊದಲು

ಪರಊರಿನಲ್ಲಿ ಸಂಸಾರ ಹೂಡಿದವರಿಗೆ ತಂತಿಯ ಬೆಲೆ ಗೊತ್ತು. ನಮ್ಮ ಹಿರಿಯರ ಕಾಲದಲ್ಲಿ ‘ಊರಿನಿಂದ ತಂತಿ ಬಂತು’ ಎಂದರೆ ಓದುವ ಮೊದಲೇ ಎದೆ ನಡುಗುತ್ತಿತ್ತು. ಆ ತಂತಿ 2013ರ ಜುಲೈ ತಿಂಗಳಲ್ಲಿ ಶಾಶ್ವತವಾಗಿ ನಿಂತಿತು. ಈಗ ಮನೆಮನೆಗೂ ಬೇರೊಂದು ತಂತಿ ಬಂದಿದೆ. ಮೊಮ್ಮಗನ ಮುಖ, ಕಚೇರಿಯ ಕೆಲಸ, ಬ್ಯಾಂಕಿನ ಲೆಕ್ಕ, ಗೇಟಿನ ಮೇಲಿನ ಕ್ಯಾಮೆರಾದ ಕಣ್ಣು ಎಲ್ಲವೂ ಅದರಲ್ಲೇ ಹರಿಯುತ್ತವೆ. ಹಳೆಯ ತಂತಿಯ ಚಿಂತೆಯನ್ನು ಅಂಚೆ ಇಲಾಖೆ ಮಾಡುತ್ತಿತ್ತು. ಹೊಸ ತಂತಿಯ ಚಿಂತೆಯನ್ನು ಮಾತ್ರ ನಾವೇ ಮಾಡಬೇಕಾಗಿದೆ.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನಮ್ಮವರು ವಾಸಿಸುವ ಸೊಸೈಟಿಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಯಾರ ತಲೆಗೆ ಬರುತ್ತದೆಂದು ಹೇಳಬೇಕಾಗಿಲ್ಲ. ‘ನೀವು ಸರಕಾರಿ ಕಚೇರಿಯವರು, ಟೆಂಡರು ನೋಡಿ ಬಲ್ಲವರು’ ಎಂದು ಯಾವನಾದರೊಬ್ಬ ಗುಮಾಸ್ತೆಯ ಕೈಗೆ ಕಡತ ಕೊಟ್ಟು ಉಳಿದವರು ಚಹಾ ಕುಡಿಯುತ್ತಾರೆ. ನಾನು ಇಂಜಿನಿಯರನಲ್ಲ, ಬಿ.ಎ. ಓದಿದವನು. ಆದರೂ ಒಂದು ವರ್ಷ ನಾಲ್ಕಾರು ದರಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ತಿಳಿದವರನ್ನು ಕೇಳಿ, ಅಳೆದು ನೋಡಿ ಕಲಿತ ಸಂಗತಿಗಳು ಇತರ ಕುಟುಂಬಗಳಿಗೂ ಉಪಯೋಗವಾದಾವೆಂದು ಇಲ್ಲಿ ಬರೆದಿದ್ದೇನೆ.

ನಮ್ಮ ಅವಶ್ಯಕತೆ ದೊಡ್ಡದೇನಲ್ಲ. ಸೊಸೈಟಿಯ ಆಫೀಸಿನಿಂದ ಗೇಟಿನ ಪಹರೆಯ ಕೋಣೆಗೆ ತಂತಿ ಹೋಗುವ ದಾರಿಯನ್ನು ಅಳೆದರೆ 160 ಮೀಟರು. ಅಲ್ಲಿ ಎರಡು ಕ್ಯಾಮೆರಾ, ಒಂದು ಫೋನು ಬೇಕು. ಆಫೀಸಿನಿಂದ 70 ಮೀಟರು ದೂರದ ಸಮುದಾಯ ಕೊಠಡಿಗೂ ಒಂದು ತಂತಿ ಬೇಕು; ಭಾನುವಾರ ಅಲ್ಲಿ ಮಕ್ಕಳ ಕನ್ನಡ ವರ್ಗ ನಡೆಯುತ್ತದೆ, ಪಾಠ ಹೇಳುವ ಗುರುಗಳು ಧಾರವಾಡದಲ್ಲಿ ಕುಳಿತು ಪರದೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಖರ್ಚೆಲ್ಲ ಸದಸ್ಯರ ಮಾಸಿಕ ವಂತಿಗೆಯಿಂದ ಬರಬೇಕು. ಅವರಲ್ಲಿ ಅರ್ಧಕ್ಕರ್ಧ ಪಿಂಚಣಿದಾರರು.

‘ತಂತಿಯ ಗೊಡವೆಯೇ ಬೇಡ, ಗಾಳಿಯಲ್ಲೇ ವೈಫೈ ಹೋಗುತ್ತದಲ್ಲ?’ ಎಂದು ಕೆಲವರು ಕೇಳಿದರು. ಮನೆಯೊಳಗೆ ಅದು ಸರಿ. ಆದರೆ ಸಿಮೆಂಟು, ಕಬ್ಬಿಣದ ಗೋಡೆಗಳನ್ನು ದಾಟುವಾಗ ಅದು ಸೊರಗುತ್ತದೆ. ನೆರೆಹೊರೆಯ ಹತ್ತಾರು ವೈಫೈಗಳ ಸಂತೆಯಲ್ಲಿ ಅದರ ಮಾತು ಅದಕ್ಕೇ ಕೇಳಿಸದು. ಹಗಲೂ ರಾತ್ರಿ ನಿಲ್ಲದೆ ನಡೆಯಬೇಕಾದ ಕೆಲಸಕ್ಕೆ ತಂತಿಯಷ್ಟು ನೆಚ್ಚಿಕೆಯದು ಬೇರಿಲ್ಲ.

ನೂರು ಮೀಟರಿನ ಗಡಿ

ಈ ತಂತಿಯ ಜಾಲಕ್ಕೆ ಈಥರ್‌ನೆಟ್ ಎಂದು ಹೆಸರು. 1973ರಲ್ಲಿ ಅಮೇರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಅದಕ್ಕೆ ಈ ಹೆಸರಿಟ್ಟರು. ಆಕಾಶವನ್ನೆಲ್ಲ ತುಂಬಿ ಬೆಳಕನ್ನು ಸಾಗಿಸುವ ‘ಈಥರ್’ ಎಂಬ ವಸ್ತುವಿದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. ಆ ಈಥರ್ ಇಲ್ಲವೆಂದು ಆಮೇಲೆ ತಿಳಿಯಿತು. ಹೆಸರು ಮಾತ್ರ ತಂತಿಗೆ ಅಂಟಿಕೊಂಡು ಉಳಿಯಿತು.

ಇಂದಿನ ಈಥರ್‌ನೆಟ್ ತಂತಿಯೊಳಗೆ ಎಂಟು ಎಳೆಗಳಿವೆ; ಎರಡೆರಡನ್ನು ಹೆಣೆದು ನಾಲ್ಕು ಜೋಡಿ ಮಾಡಿರುತ್ತಾರೆ. ಹೊರಗಿನ ಗದ್ದಲ ಒಳಗೆ ನುಗ್ಗದಿರಲಿ ಎಂದು ಈ ಹೆಣಿಗೆ. ಈ ತಂತಿಗೆ ನಿಯಮ ಗೊತ್ತುಮಾಡಿದ ಉದ್ದ 100 ಮೀಟರು: ಗೋಡೆಯೊಳಗೆ ಕೂಡಿಸಿದ್ದು 90, ಎರಡು ತುದಿಯ ಸಣ್ಣ ತುಂಡುಗಳು ಸೇರಿ 10. ಅದಕ್ಕಿಂತ ಉದ್ದವಾದರೆ ಸಂಕೇತ ಕ್ಷೀಣಿಸುತ್ತದೆ. ‘ನೂರಾನಲವತ್ತರಲ್ಲೂ ಓಡುತ್ತದೆ ಸಾಹೇಬರೇ, ನಾನು ಎಷ್ಟೋ ಕಡೆ ಹಾಕಿದ್ದೇನೆ’ ಎನ್ನುವವರು ಸಿಗುತ್ತಾರೆ. ಓಡಬಹುದು, ಆದರೆ ಮಳೆಗಾಲದ ಒಂದು ರಾತ್ರಿ ನಿಂತರೆ ಯಾರನ್ನು ಕೇಳುವುದು? ನಿಯಮದ ಹೊರಗೆ ಹೋದ ಕೆಲಸಕ್ಕೆ ಯಾರೂ ಜವಾಬುದಾರರಲ್ಲ.

ಆದ್ದರಿಂದ ಮೊದಲ ಕೆಲಸ, ಟೇಪು ಹಿಡಿದು ಅಳೆಯುವುದು. ಕಾಗೆ ಹಾರಿದ ದೂರವನ್ನಲ್ಲ, ತಂತಿ ಗೋಡೆ ಹತ್ತಿ ಇಳಿದು ತಿರುಗಿ ಹೋಗುವ ದೂರವನ್ನು ಅಳೆಯಬೇಕು. ನಮ್ಮ ಕಮಿಟಿಯವರು ಕಣ್ಣಂದಾಜಿನಿಂದ ಗೇಟಿಗೆ 90 ಮೀಟರೆಂದಿದ್ದರು. ಅಳೆದಾಗ 160 ಆಯಿತು.

ಸಮುದಾಯ ಕೊಠಡಿಯ 70 ಮೀಟರಿಗೆ ತಾಮ್ರದ ತಂತಿ ಧಾರಾಳವಾಗಿ ಸಾಕು. ಅಲ್ಲಿ ಚರ್ಚೆಯೇ ಇಲ್ಲ. ನೂರು ದಾಟಿದ ಗೇಟಿಗೆ ಮಾತ್ರ ನಾಲ್ಕು ದಾರಿಗಳಿದ್ದವು.

ಒಂದು, ನಡುವೆ ಒಂದು ಸ್ವಿಚ್ ಇಡುವುದು. ಸ್ವಿಚ್ ಎಂದರೆ ದೀಪದ ಗುಂಡಿಯಲ್ಲ. ಬಂದ ಸಂಕೇತವನ್ನು ಹೊಸದಾಗಿ ಮಾಡಿ ಮುಂದೆ ಕಳಿಸುವ ಪೆಟ್ಟಿಗೆ. ಅಲ್ಲಿಂದ ಮತ್ತೆ ನೂರು ಮೀಟರು ದೊರೆಯುತ್ತದೆ. ಆದರೆ ಅದಕ್ಕೆ ನಡುದಾರಿಯಲ್ಲಿ ವಿದ್ಯುತ್ತು ಬೇಕು, ಮಳೆ ತಾಗದ ಜಾಗ ಬೇಕು. ನಮ್ಮ ನಡುದಾರಿಯಲ್ಲಿರುವುದು ತೆಂಗಿನ ಮರ, ತುಳಸಿಕಟ್ಟೆ.

ಎರಡು, ಎಕ್ಸ್‌ಟೆಂಡರ್. ಇದು ಅಂಗೈಯಗಲದ ಡಬ್ಬಿ. ಆಫೀಸಿನಿಂದ ತಂತಿಯಲ್ಲೇ ಬರುವ ವಿದ್ಯುತ್ತಿನಲ್ಲಿ ಸ್ವಲ್ಪವನ್ನು ತಾನು ಉಂಡು, ಸಂಕೇತಕ್ಕೆ ಹೊಸ ಉಸಿರು ಕೊಟ್ಟು, ಉಳಿದ ವಿದ್ಯುತ್ತನ್ನು ಮುಂದಕ್ಕೆ ದಾಟಿಸುತ್ತದೆ. ದೂರದಲ್ಲಿ ಒಂದೇ ಕ್ಯಾಮೆರಾ ಇದ್ದರೆ ಇದು ಸುಲಭದ ಉಪಾಯ.

ಮೂರು, ಕೆಲವು ಸ್ವಿಚ್‌ಗಳ ಮೇಲೆ ‘250 ಮೀಟರು’ ಎಂದು ಬರೆದ ಒಂದು ಗುಂಡಿ ಇರುತ್ತದೆ. ಅದನ್ನೊತ್ತಿದರೆ ದೂರ ಹೆಚ್ಚುತ್ತದೆ ನಿಜ, ಆದರೆ ವೇಗ 10 ಮೆಗಾಬಿಟ್ಟಿಗೆ ಇಳಿಯುತ್ತದೆ. ಒಂದು ಕ್ಯಾಮೆರಾಕ್ಕೆ ಸಾಕು. ನಾಳೆ ಇನ್ನೊಂದು ಸೇರಿಸುತ್ತೇವೆಂದರೆ ದಾರಿ ಇಕ್ಕಟ್ಟು. ಇದು ಕಂಪನಿಗಳು ತಾವಾಗಿ ಕೊಟ್ಟ ಸೌಲಭ್ಯವೇ ಹೊರತು ಈಥರ್‌ನೆಟ್ಟಿನ ನಿಯಮದಲ್ಲಿಲ್ಲ.

ನಾಲ್ಕು, ಗಾಜಿನ ಎಳೆ. ಅದರ ಮಾತು ಮುಂದೆ ಹೇಳುತ್ತೇನೆ. ಮೊದಲು ತಾಮ್ರದ ವಿಷಯ.

ತಾಮ್ರದ ಬಣ್ಣದ ಅಲ್ಯುಮಿನಿಯಂ

ಮೂರು ವರ್ಷದ ಹಿಂದೆ ನಮ್ಮ ಹಿಂಬದಿಯ ಸೈಕಲ್ ಚಪ್ಪರಕ್ಕೆ ಒಬ್ಬ ಗುತ್ತಿಗೆದಾರ ಕ್ಯಾಮೆರಾ ಹಾಕಿದ್ದ. ದೂರ 60 ಮೀಟರು. ಹಗಲೆಲ್ಲ ಚಿತ್ರ ಚೆನ್ನಾಗಿ ಬರುತ್ತಿತ್ತು. ಸಂಜೆ ಏಳಾಯಿತೆಂದರೆ ಆರಿ ಹೋಗುತ್ತಿತ್ತು, ಬೆಳಗಾದರೆ ಮತ್ತೆ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಕಳ್ಳರು ಹಗಲಿನಲ್ಲೇ ಬರುವರೆಂಬ ನಂಬಿಕೆ ಇದ್ದವರಿಗೆ ಮಾತ್ರ ಅದು ಉಪಯುಕ್ತ. ಗುತ್ತಿಗೆದಾರ ಎರಡು ಸಲ ಕ್ಯಾಮೆರಾ ಬದಲಿಸಿದ, ರೋಗ ಬದಲಾಗಲಿಲ್ಲ.

ರೋಗ ಇದ್ದುದು ತಂತಿಯಲ್ಲಿ. ಅದರ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದಾಗ ಮೇಲೆ ಕೆಂಪು, ಒಳಗೆ ಬಿಳುಪು. ಅಲ್ಯುಮಿನಿಯಮಿಗೆ ತಾಮ್ರದ ಲೇಪ ಕೊಟ್ಟದ್ದು ಅದು, ಪೇಟೆಯಲ್ಲಿ ಸಿ.ಸಿ.ಎ. ಎನ್ನುತ್ತಾರೆ. ಶುದ್ಧ ತಾಮ್ರಕ್ಕಿಂತ ಅದರಲ್ಲಿ ವಿದ್ಯುತ್ತಿಗೆ ತಡೆ ಸುಮಾರು ಒಂದೂವರೆ ಪಟ್ಟು. ಅದರ ಜೊತೆಗೆ ಆತ 12 ವೋಲ್ಟಿನ ವಿದ್ಯುತ್ತನ್ನು ಖಾಲಿ ಜೋಡಿಗಳಲ್ಲಿ ಹಾಗೆಯೇ ಹರಿಸಿದ್ದ.

ಲೆಕ್ಕ ಕಠಿಣವಲ್ಲ. ಹೋಗಿ ಬರುವ ದಾರಿಯ ತಡೆ 8 ಓಮ್ ಎಂದಿಟ್ಟುಕೊಳ್ಳಿ. ಹಗಲಿನಲ್ಲಿ ಕ್ಯಾಮೆರಾ ಎಳೆಯುವ ಕರೆಂಟು ಆಂಪಿಯರಿನ ಐದರಲ್ಲೊಂದು ಭಾಗ. ದಾರಿಯಲ್ಲಿ ಸವೆಯುವುದು 1.6 ವೋಲ್ಟು, ತಲುಪುವುದು 10.4. ಕ್ಯಾಮೆರಾ ನಡೆಯುತ್ತದೆ. ಕತ್ತಲಾದರೆ ಅದು ಕಣ್ಣಿಗೆ ಕಾಣದ ಕೆಂಪುದೀಪಗಳನ್ನು ಹಚ್ಚಿಕೊಳ್ಳುತ್ತದೆ. ಕರೆಂಟು ಅರ್ಧ ಆಂಪಿಯರಿಗೆ ಏರುತ್ತದೆ. ಈಗ ಸವೆಯುವುದು 4 ವೋಲ್ಟು, ಉಳಿಯುವುದು ಎಂಟೇ. ಕ್ಯಾಮೆರಾ ಕಣ್ಣು ಮುಚ್ಚುತ್ತದೆ.

ಅದೇ ಆರು ವಾಟನ್ನು 48 ವೋಲ್ಟಿನಲ್ಲಿ ಕಳಿಸಿದ್ದರೆ? ಕರೆಂಟು ಎಂಟರಲ್ಲೊಂದು ಆಂಪಿಯರು. ಸವೆಯುವುದು ಒಂದೇ ವೋಲ್ಟು. ಈ ತತ್ತ್ವ ಕನ್ನಡಿಗರಿಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದಾಗ ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿಯೇ ಒಯ್ದರು. ದೂರ ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚಿರಬೇಕು, ಕರೆಂಟು ಕಡಿಮೆಯಿರಬೇಕು. ಗಣಿಗೆ ಹೇಗೋ ಸೈಕಲ್ ಚಪ್ಪರಕ್ಕೂ ಹಾಗೆಯೇ.

ತಂತಿ ಕೊಳ್ಳುವಾಗ ದರಪಟ್ಟಿಯಲ್ಲಿ ‘ಪೂರ್ಣ ತಾಮ್ರ’ ಎಂದು ಬರೆಯಿಸಿರಿ. ಬಂದ ಮಾಲನ್ನು ಒಂದೆಡೆ ಕೆರೆದು ನೋಡಿರಿ. 305 ಮೀಟರಿನ ಪೆಟ್ಟಿಗೆ ಕೈಗೆ ಹಗುರವೆನಿಸಿದರೆ ಸಂಶಯಪಡಿರಿ. ಬಿಸಿಲು ಮಳೆಗೆ ಬೀಳುವ ಕಡೆ ಮನೆಯೊಳಗಿನ ಬೂದು ತಂತಿ ಕೆಲವು ಬೇಸಗೆಗಳಲ್ಲಿ ಬಿರಿಯುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯದು ಬೇಕು. ದೀಪದ ತಂತಿಯೂ ಇದೂ ಒಂದೇ ಕೊಳವೆಯಲ್ಲಿ ಹೋಗಕೂಡದು.

ಗಾಜಿನೊಳಗಿನ ಬೆಳಕು

ಇನ್ನು ಗಾಜಿನ ಎಳೆ. ಇದರ ಇತಿಹಾಸದಲ್ಲಿ ನಮ್ಮ ದೇಶದವರ ಪಾಲೂ ಉಂಟು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ, ಲಂಡನ್ನಿನಲ್ಲಿ ತಮ್ಮ ಗುರು ಹಾಪ್ಕಿನ್ಸರೊಡನೆ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ್ದನ್ನು ಪ್ರಕಟಿಸಿದರು. ಬೆಳಕು ಬಹುದೂರ ಹೋಗದಿರುವುದಕ್ಕೆ ಗಾಜಿನಲ್ಲಿರುವ ಕಲ್ಮಷವೇ ಕಾರಣವೆಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಕಪಾನಿಯವರಿಗೆ ಅವರ ಮರಣದ ನಂತರ 2021ರಲ್ಲಿ ಪದ್ಮವಿಭೂಷಣ ಸಂದಿತು.

ಈಗಿನ ಎಳೆಯ ಗಾಜು ಎಷ್ಟು ಶುದ್ಧವೆಂದರೆ ಸಾಮಾನ್ಯ ಉಪಕರಣದಿಂದ ಬೆಳಕು 20 ಕಿಲೋಮೀಟರು ನಿರಾಯಾಸವಾಗಿ ಹೋಗುತ್ತದೆ. ನಮ್ಮ 160 ಮೀಟರು ಅದಕ್ಕೆ ಲೆಕ್ಕಕ್ಕೇ ಇಲ್ಲ. ‘ಸಿಂಗಲ್ ಮೋಡ್’ ಎಂಬ ಜಾತಿಯ ಎಳೆಯಲ್ಲಿ ಬೆಳಕು ಹರಿಯುವ ನಡುಭಾಗ ಸುಮಾರು 9 ಮೈಕ್ರಾನು, ಸುತ್ತಣ ಗಾಜು ಸೇರಿ 125 ಮೈಕ್ರಾನು. ‘ಮಲ್ಟಿಮೋಡ್’ ಎಂಬ ಇನ್ನೊಂದು ಜಾತಿಯಿದೆ. ಅದರ ನಡುಭಾಗ ದಪ್ಪ, ಅದಕ್ಕೆ ಬೇರೆಯೇ ಉಪಕರಣ. ಎರಡನ್ನೂ ಬೆರೆಸಬಾರದು. ಹೊಸದಾಗಿ ಹಾಕಿಸುವವರಿಗೆ ಸಿಂಗಲ್ ಮೋಡೇ ಲೇಸು; ನಾಳೆ ವೇಗ ಹತ್ತು ಪಟ್ಟು ಬೇಕಾದರೂ ನೆಲದ ಎಳೆ ಹಾಗೆಯೇ ಇರುತ್ತದೆ, ತುದಿಯ ಉಪಕರಣ ಬದಲಿಸಿದರೆ ಸಾಕು.

ತಾಮ್ರದ ಸಂಕೇತವನ್ನು ಬೆಳಕಾಗಿಸುವ ಡಬ್ಬಿಗೆ ಮೀಡಿಯಾ ಕನ್ವರ್ಟರ್ ಎನ್ನುತ್ತಾರೆ. ಇದು ಎರಡು ತುದಿಗೆ ಎರಡು ಬೇಕು. ಒಂದೇ ಎಳೆಯಲ್ಲಿ ಹೋಗುವುದೂ ಬರುವುದೂ ನಡೆಯುವ ಬಗೆಯದಾದರೆ ಒಂದು 1310 ನ್ಯಾನೋಮೀಟರಿನ ಬೆಳಕು ಬಿಟ್ಟು 1550ರದನ್ನು ಸ್ವೀಕರಿಸುತ್ತದೆ. ಇನ್ನೊಂದು ಅದಕ್ಕೆ ತಿರುಗುಮುರುಗು. ಎ ಮತ್ತು ಬಿ ಎಂದು ಅವುಗಳ ಮೇಲೆ ಗುರುತಿರುತ್ತದೆ. ಎರಡು ಎ ತಂದರೆ ಎರಡು ಬಾಯಿ, ಕಿವಿಯೇ ಇಲ್ಲದ ಸಂಭಾಷಣೆ. ವೇಗವೂ ಎರಡರಲ್ಲಿ ಒಂದೇ ಇರಬೇಕು. 80 ಕಿಲೋಮೀಟರಿನದೇ ಇರಲಿ, ಗಟ್ಟಿ ಮಾಲು ಎಂದು ತಂದು 160 ಮೀಟರಿಗೆ ಹಾಕಿದರೆ ಬೆಳಕಿನ ಪ್ರಖರತೆಗೆ ಎದುರಿನ ಉಪಕರಣ ಕುರುಡಾಗುತ್ತದೆ.

ತುದಿಯ ಜೋಡಣೆಗಳಲ್ಲಿ ನೀಲಿ, ಹಸಿರು ಎಂದು ಎರಡು ಬಣ್ಣಗಳಿವೆ. ಹಸಿರಿನ ಮೂತಿಯನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಓರೆಯಿಲ್ಲದ್ದು. ಮನೆಗೆ ಇಂಟರ್ನೆಟ್ ತರುವವರ ಎಳೆಯ ತುದಿ ಸಾಮಾನ್ಯವಾಗಿ ಹಸಿರು, ಕನ್ವರ್ಟರಿನದು ಸಾಮಾನ್ಯವಾಗಿ ನೀಲಿ. ಹಸಿರನ್ನು ನೀಲಿಗೆ ಜೋಡಿಸಬಾರದು. ಹಚ್ಚಿದ ಎಳೆಯ ತುದಿಯನ್ನು ಯಾರೂ, ಅದರಲ್ಲೂ ಮಕ್ಕಳು, ಇಣಿಕಿ ನೋಡಕೂಡದು. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಕೇಡು ಮಾಡಬಲ್ಲದು.

ಗಾಜಿನ ದೊಡ್ಡ ಗುಣವೆಂದರೆ ಅದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಮೃಗಶಿರಾ ಮಳೆಯ ಸಿಡಿಲಿಗೆ ಗೇಟಿನ ಬಳಿಯ ತಾಮ್ರದ ತಂತಿ ಸಿಕ್ಕಿದರೆ ಅದರ ಹೊಡೆತ ಆಫೀಸಿನ ಉಪಕರಣಗಳವರೆಗೂ ಬರುತ್ತದೆ. ಗಾಜಿನಲ್ಲಿ ಆ ದಾರಿಯೇ ಇಲ್ಲ. ಆದರೆ ಹೆಗ್ಗಣಗಳ ಭಯದಿಂದ ಕೆಲವು ಫೈಬರಿಗೆ ಉಕ್ಕಿನ ಕವಚ ಹಾಕಿರುತ್ತಾರೆ. ಆಗ ಲೋಹದ ದಾರಿ ಮತ್ತೆ ತೆರೆಯಿತು. ನಾವು ಲೋಹವಿಲ್ಲದ ಎಳೆಯನ್ನು ಗಟ್ಟಿ ಕೊಳವೆಯೊಳಗೆ ಹಾಕಿಸಿ ಸಿಡಿಲು, ಹೆಗ್ಗಣ ಎರಡನ್ನೂ ಸಂಬಾಳಿಸಿದೆವು. ಒಂದು ಎಳೆ ಸಾಕಾಗಿದ್ದರೂ ನಾಲ್ಕು ಎಳೆಯದನ್ನೇ ಹಾಕಿಸಿದೆವು. ನೆಲ ಅಗೆಯುವ ಕೂಲಿ ಒಂದೇ. ಮೂರು ಎಳೆ ಮುಂದಿನ ಪೀಳಿಗೆಗೆ.

ಉಣ್ಣುವವರೆಷ್ಟು, ಅನ್ನವೆಷ್ಟು

‘ಗಾಜಿನ ವಾಯರದಾಗ ಕರೆಂಟ ಬರೂದಿಲ್ಲಂದ್ರ ಆ ಕಡೆ ಕ್ಯಾಮೆರಾಕ್ಕ ಹೊಟ್ಟಿಗೆ ಏನೋ ತಮ್ಮಾ?’ ಎಂದು ಸಭೆಯಲ್ಲಿ ಒಬ್ಬ ಕಾಕಾ ಕೇಳಿದರು. ಇಡೀ ಸಭೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು.

ಉತ್ತರವಿಷ್ಟು. ಗೇಟಿನ ಕೋಣೆಯಲ್ಲಿ ದೀಪಕ್ಕಾಗಿ ವಿದ್ಯುತ್ತು ಇದ್ದೇ ಇದೆ. ಅಲ್ಲೊಂದು ಸಣ್ಣ ಪಿ.ಓ.ಇ. ಸ್ವಿಚ್ ಇಡುವುದು, ಅಂದರೆ ಈಥರ್‌ನೆಟ್ ತಂತಿಯಲ್ಲೇ ವಿದ್ಯುತ್ತನ್ನೂ ಬಡಿಸುವ ಸ್ವಿಚ್. ಅಲ್ಲಿಂದ ಕ್ಯಾಮೆರಾ, ಫೋನುಗಳಿಗೆ ಹತ್ತಿಪ್ಪತ್ತು ಮೀಟರಿನ ತಾಮ್ರ ಸಾಕು.

ಈ ಬಡಿಸುವ ವಿದ್ಯೆಗೂ ನಿಯಮಗಳಿವೆ. 2003ರ ನಿಯಮದಂತೆ ಒಂದು ಕಿಂಡಿಯಿಂದ ಕೊಡುವುದು 15.4 ವಾಟು, ದೂರದ ತುದಿಗೆ ಖಚಿತವಾಗಿ ತಲುಪುವುದು 12.95. 2009ರದರಲ್ಲಿ 30 ಕೊಟ್ಟರೆ 25.5 ತಲುಪುತ್ತದೆ. 2018ರದು 60 ಮತ್ತು 90 ವಾಟಿನವರೆಗೆ ಹೋಗುತ್ತದೆ. ಸಾಮಾನ್ಯ ಕ್ಯಾಮೆರಾಕ್ಕೆ ಮೊದಲನೆಯದೇ ಸಾಕು; ತಿರುಗಿ ನೋಡುವ ದೊಡ್ಡ ಕ್ಯಾಮೆರಾಕ್ಕೆ ಎರಡನೆಯದು.

ನಿಯಮಬದ್ಧ ಸ್ವಿಚ್ ಮೊದಲು ‘ನೀನು ಉಣ್ಣುವವನೇ, ಎಷ್ಟು ಉಣ್ಣುವೆ?’ ಎಂದು ವಿಚಾರಿಸಿಕೊಂಡು ಆಮೇಲೆ ಬಡಿಸುತ್ತದೆ. ಆದ್ದರಿಂದ ಅದಕ್ಕೆ ಲ್ಯಾಪ್‌ಟಾಪ್ ಚುಚ್ಚಿದರೂ ಅಪಾಯವಿಲ್ಲ. ‘ಪ್ಯಾಸಿವ್’ ಎಂಬ ಅಗ್ಗದ ಬಗೆಯದು ಕೇಳದೆಯೇ ಸುರಿಯುತ್ತದೆ. ತಪ್ಪಿ ಬೇರೆ ಉಪಕರಣ ಚುಚ್ಚಿದರೆ ಅದು ಸುಟ್ಟೀತು.

ಇನ್ನೊಂದು ಮೋಸಕ್ಕೆ ಎಡೆಯಿರುವ ಜಾಗ ಒಟ್ಟು ವಾಟು. ಎಂಟು ಕಿಂಡಿಯ ಸ್ವಿಚ್, ಪ್ರತಿ ಕಿಂಡಿಗೂ 30 ವಾಟು ಎಂದು ಡಬ್ಬಿಯ ಮೇಲಿರುತ್ತದೆ. ಒಳಗಿನ ಅಡಾಪ್ಟರು ನೋಡಿದರೆ ಒಟ್ಟು 65 ವಾಟಿನದು. ಎಲೆ ಎಂಟು ಹಾಕಿದ್ದಾರೆ, ಅನ್ನ ಬೇಯಿಸಿದ್ದು ಎರಡೇ ಪಂಕ್ತಿಭೋಜನರಿಗೆ! ಆದ್ದರಿಂದ ಉಣ್ಣುವವರನ್ನು ಎಣಿಸಿ ಕೂಡಿಸಬೇಕು. ನಮ್ಮ ಗೇಟಿನಲ್ಲಿ ರಾತ್ರಿಯ ಲೆಕ್ಕದಂತೆ ಕ್ಯಾಮೆರಾ ಎರಡಕ್ಕೆ 12 ವಾಟು, ಫೋನಿಗೆ 4, ಸ್ವಿಚ್ಚಿಗೆ 5, ಕನ್ವರ್ಟರಿಗೆ 3, ಒಟ್ಟು 24. ಹಗಲಿನ ಲೆಕ್ಕ ಹಿಡಿಯಬೇಡಿ.

ದೀಪ ಆರಿದ ಮೇಲೆ

ಇಷ್ಟಾದ ಮೇಲೆ ಖರ್ಚು ಕಡಿಮೆ ಮಾಡಲು ಖಜಾಂಚಿಯವರು ಯು.ಪಿ.ಎಸ್. ಎಂಬ ಸಾಲನ್ನು ಹೊಡೆದುಹಾಕಲು ಹೊರಟರು. ‘ಇಲ್ಲಿ ಕರೆಂಟು ಹೋಗುವುದೇ ಅಪರೂಪ’ ಎಂಬುದು ಅವರ ವಾದ. ಆಗ ಬಿ ಕಟ್ಟಡದ ನಾಲ್ಕನೆಯ ಮಹಡಿಯ ಅಜ್ಜಿ ಎದ್ದು ನಿಂತರು. ಒಂಟಿಯಾಗಿರುವವರು, ಮಗ ಪರದೇಶದಲ್ಲಿದ್ದಾನೆ. ‘ಹಗಲಿ ಯಾರರೇ ಬಾಗಿಲಾ ಬಡದು ಕೇಳ್ತಾರ. ರಾತ್ರಿ ಕರೆಂಟ್ ಹೋಗಿ ಲಿಫ್ಟ್ ನಿಂತಾಗ ನನಗ ಎದಿ ನೋವು ಬಂದ್ರ ಗೇಟಿನ ಫೋನ್ ಹತ್ತಬೇಕಪಾ. ಅವಾಗ ಹತ್ತಲಿಕ್ಕಂದ್ರ ನನಗ ಆ ಫೋನ್ ಯಾಕ?’ ಎಂದರು. ಸಭೆ ಸುಮ್ಮನಾಯಿತು.

ಅಪರೂಪವಾದರೂ ಕರೆಂಟು ಹೋಗುತ್ತದೆ. 2020ರ ಅಕ್ಟೋಬರ್ 12ರಂದು ಮುಂಬಯಿ ಮತ್ತು ಸುತ್ತಲಿನ ಊರುಗಳಲ್ಲಿ ಒಮ್ಮೆಲೇ ಹೋದ ವಿದ್ಯುತ್ತು ಎಷ್ಟೋ ಕಡೆ ಹಲವಾರು ಗಂಟೆ ಬರಲಿಲ್ಲ. ಕೊರೊನಾ ಕಾಲ; ಮಕ್ಕಳ ಶಾಲೆ, ದೊಡ್ಡವರ ಕಚೇರಿ ಎಲ್ಲವೂ ಆ ತಂತಿಯಲ್ಲೇ ಇದ್ದವು.

ಲೆಕ್ಕ ಹೀಗೆ. 12 ವೋಲ್ಟು, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವಾಟ್-ಗಂಟೆ. ಸೋರಿಕೆ ಕಳೆದು ಕೈಗೆ ಸಿಗುವುದು 60ರ ಆಸುಪಾಸು. ನಮ್ಮ 24 ವಾಟಿಗೆ ಅದು ಎರಡು ಗಂಟೆಗಿಂತ ತುಸು ಹೆಚ್ಚು ಬರುತ್ತದೆ. ಎರಡರಷ್ಟು ಹೊತ್ತು ಬೇಕಾದರೆ ಎರಡರಷ್ಟು ಬ್ಯಾಟರಿ. ಗೇಟಿಗೆ ಮಾತ್ರ ಯು.ಪಿ.ಎಸ್. ಇಟ್ಟು ಆಫೀಸಿನ ತುದಿಯ ಕನ್ವರ್ಟರು, ಸ್ವಿಚ್ಚುಗಳಿಗೆ ಇಡದಿದ್ದರೆ ಪ್ರಯೋಜನವಿಲ್ಲ. ಎತ್ತು ಒಂದೇ ಇದ್ದರೆ ಗಾಡಿ ಹೂಡಲಾಗದು. ಎರಡೂ ಕಡೆ ಇಡಬೇಕು. ಅಜ್ಜಿಯ ಮನೆಯ ಫೋನು ಬಿ ಕಟ್ಟಡದ ಸ್ವಿಚ್ಚಿನಿಂದ ವಿದ್ಯುತ್ತು ಪಡೆಯುವುದರಿಂದ ಅಲ್ಲಿಗೂ ಒಂದು ಬೇಕಾಯಿತು. ಹೀಗೆ ಒಂದು ಕರೆಯ ದಾರಿಯಲ್ಲಿರುವ ಪ್ರತಿಯೊಂದು ಡಬ್ಬಿಯನ್ನೂ ಬೆರಳಿಟ್ಟು ಎಣಿಸಿದಾಗ ಮೂರು ಯು.ಪಿ.ಎಸ್. ಆಯಿತು. ಖಜಾಂಚಿಯವರೇ ಮಂಜೂರಿಗೆ ಸೂಚನೆ ಮಂಡಿಸಿದರು.

ಎತ್ತರದ ಮಾತೂ ಒಂದಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದದ್ದನ್ನು ಮುಂಬಯಿಯವರು ಮರೆತಿಲ್ಲ. ಉಪಕರಣ ಮತ್ತು ಬ್ಯಾಟರಿಗಳನ್ನು ನೆಲದ ಮೇಲಿಡದೆ ಎದೆಯೆತ್ತರಕ್ಕಿಂತ ಮೇಲೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಕೂಡಿಸಿರಿ.

ದರಪಟ್ಟಿ ಕರೆಯುವವರಿಗೆ

ಕಚೇರಿಯ ಅಭ್ಯಾಸದಂತೆ ಕೊನೆಗೆ ಒಂದು ಟಿಪ್ಪಣಿ. ಪ್ರತಿಯೊಬ್ಬ ಗುತ್ತಿಗೆದಾರನಿಗೂ ಇದೇ ಹಾಳೆಯನ್ನು ಕೊಟ್ಟರೆ ದರಗಳನ್ನು ಒಂದಕ್ಕೊಂದು ಹೋಲಿಸಬಹುದು.

1. ಪ್ರತಿ ತಂತಿಯ ಅಳೆದ ಉದ್ದ. 90 ಮೀಟರು ದಾಟಿದ್ದಕ್ಕೆಲ್ಲ ಯಾವ ಉಪಾಯವೆಂದು ಬರೆದುಕೊಡಬೇಕು.
2. ತಂತಿ ಪೂರ್ಣ ತಾಮ್ರದ್ದು; ಹೊರಗಿನದಕ್ಕೆ ಹೊರಾಂಗಣದ ಹೊದಿಕೆ.
3. ಫೈಬರು ಸಿಂಗಲ್ ಮೋಡ್, ಲೋಹವಿಲ್ಲದ್ದು, ಕೊಳವೆಯೊಳಗೆ; ಖಾಲಿ ಎಳೆಗಳ ತುದಿಯನ್ನೂ ಬೆಸೆದು ಮುಚ್ಚಿಡಬೇಕು.
4. ಕನ್ವರ್ಟರುಗಳು ಎ-ಬಿ ಜೋಡಿ, ಒಂದೇ ವೇಗದವು. ಒಂದು ಜೋಡಿ ಹೆಚ್ಚಿಗೆ.
5. ಸ್ವಿಚ್ಚು ಯಾವ ವರ್ಷದ ಪಿ.ಓ.ಇ. ನಿಯಮದ್ದು, ಒಟ್ಟು ಎಷ್ಟು ವಾಟು. ಪ್ಯಾಸಿವ್ ಬೇಡ. ರಾತ್ರಿಯ ಲೆಕ್ಕದ ಮೇಲೆ ನಾಲ್ಕರಲ್ಲೊಂದು ಪಾಲು ಹೆಚ್ಚಿಗೆ ಇರಲಿ.
6. ಯು.ಪಿ.ಎಸ್. ಎಷ್ಟು ಹೊತ್ತು ನಡೆಯುವುದೆಂದು ಬರವಣಿಗೆಯಲ್ಲಿ.
7. ಹಣದ ಕೊನೆಯ ಕಂತು, ರಾತ್ರಿ ಎಂಟಕ್ಕೆ ಮುಖ್ಯ ವಿದ್ಯುತ್ತು ತೆಗೆದು ಪರೀಕ್ಷಿಸಿದ ಮೇಲೆ.

ಏಳನೆಯ ಅಂಶದಿಂದ ನಮಗಾದ ಲಾಭ ದೊಡ್ಡದು. ನಾವು ದೀಪ ತೆಗೆಸಿ, ಅಜ್ಜಿಯ ಮನೆಯಿಂದ ಗೇಟಿಗೆ ಫೋನು ಮಾಡಿಸಿ, ಪಹರೆಯವನು ‘ಬೋಲಿಯೇ ದಾದೀಜಿ’ ಎಂದ ಮೇಲೆ ಚೆಕ್ಕಿಗೆ ಸಹಿ ಮಾಡಿದೆವು.

ಕೆಲಸ ಮುಗಿದ ಮೇಲೆ ಯಾವ ಎಳೆ ಎಲ್ಲಿಂದ ಎಲ್ಲಿಗೆ, ಯಾವ ಬ್ಯಾಟರಿ ಯಾವ ತಿಂಗಳು ಹಾಕಿದ್ದು ಎಂಬ ನಕ್ಷೆಯೊಂದನ್ನು ಬರೆದು ದಫ್ತರದಲ್ಲಿಡಿ. ಅದರ ಪ್ರತಿಯನ್ನು ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿ. ಇಂದಿನ ಕಾರ್ಯದರ್ಶಿಗೆ ನಾಳೆ ವರ್ಗವಾಗಬಹುದು, ಗುತ್ತಿಗೆದಾರ ಊರು ಬಿಡಬಹುದು. ಮುಂದೆ ಯಾರ ಕೈಗೆ ಕಡತ ಬಂದರೂ ಆ ಒಂದು ಹಾಳೆ ಅವರಿಗೆ ದಾರಿ ತೋರಿಸುತ್ತದೆ.